ಹೊರಗೆ ಚಿನ್ನ, ಒಳಗೆ ಸ್ಪಂಜು: ಆಪೂಸ್ ಮಾವು ಕಲಿಸುವ ಜೀವಶಾಸ್ತ್ರ



ಮಾವಿನ ಹಂಗಾಮಿನಲ್ಲಿ ಮಾರುಕಟ್ಟೆಗೆ ಹೋದರೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕೇಳುವ ಹಣ್ಣು ಯಾವುದು ಎಂದು ನಿಮಗೆ ಗೊತ್ತಿದೆ. ಧಾರವಾಡದ ಕಡೆ ಅದನ್ನು ಆಪೂಸ್ ಎನ್ನುತ್ತಾರೆ. ರಾಮನಗರ, ಕೋಲಾರದ ಕಡೆ ಅದೇ ತಳಿಗೆ ಬಾದಾಮಿ ಎಂದು ಹೆಸರು. ಪುಸ್ತಕದಲ್ಲಿ ಅದು ಆಲ್ಫಾನ್ಸೊ. ಬಣ್ಣ, ಪರಿಮಳ, ನಾರಿಲ್ಲದ ತಿರುಳು ಎಲ್ಲದರಲ್ಲೂ ಅದು ಮುಂದೆ. ಆದರೆ ಇದೇ ಹಣ್ಣಿಗೆ ಒಂದು ವಿಚಿತ್ರ ದೋಷವಿದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಮೂಸಿದರೂ, ಒತ್ತಿದರೂ ತಿಳಿಯುವುದಿಲ್ಲ. ಕೊಯ್ದಾಗ ಮಾತ್ರ ಗೊರಟೆಯ ಸುತ್ತಲಿನ ತಿರುಳು ಬಿಳಿಚಿಕೊಂಡು, ಸ್ಪಂಜಿನಂತೆ ಟೊಳ್ಳಾಗಿ, ಹುಳಿಯಾಗಿ ಕಾಣುತ್ತದೆ.

ಇದಕ್ಕೆ ‘ಸ್ಪಂಜು ತಿರುಳು’ ದೋಷ ಎನ್ನೋಣ. ನಮ್ಮ ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವ ಫಲದ ರಚನೆ, ಬೀಜದ ಮೊಳಕೆ, ಬಹುಭ್ರೂಣತೆ, ತಳಿ ಸಂಕರಣ ಈ ಎಲ್ಲವೂ ಈ ಒಂದು ದೋಷದಲ್ಲಿ ಬಂದು ಸೇರುತ್ತವೆ.

ದೋಷದ ಸ್ವರೂಪ

ಈ ದೋಷವನ್ನು ವಿಜ್ಞಾನಿಗಳು 1930ರ ದಶಕದಲ್ಲೇ ದಾಖಲಿಸಿದ್ದರು. ಮೊದಲಿಗೆ ಇದು ಯಾವುದೋ ಶಿಲೀಂಧ್ರದ ಅಥವಾ ಕೀಟದ ಕೆಲಸವಿರಬಹುದು ಎಂಬ ಅನುಮಾನ ಸಹಜ. ಆದರೆ ಇದಕ್ಕೆ ರೋಗಾಣು ಕಾರಣವಲ್ಲ. ಇದು ಶರೀರಕ್ರಿಯೆಯ ದೋಷ. ಅಂದರೆ ಹೊರಗಿನ ಶತ್ರು ಇಲ್ಲದೆ, ಹಣ್ಣಿನ ಒಳಗಿನ ಕ್ರಿಯೆಗಳೇ ದಾರಿ ತಪ್ಪಿದ ಪರಿಣಾಮ.

ಏನು ದಾರಿ ತಪ್ಪುತ್ತದೆ? ಮಾವಿನಕಾಯಿ ಬಲಿಯುವಾಗ ತಿರುಳಿನ ಕೋಶಗಳಲ್ಲಿ ಪಿಷ್ಟ ಸಂಗ್ರಹವಾಗುತ್ತದೆ. ಹಣ್ಣಾಗುವಾಗ ಕಿಣ್ವಗಳು ಆ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಆಮ್ಲದ ಪ್ರಮಾಣ ಇಳಿಯುತ್ತದೆ. ಕ್ಯಾರೊಟಿನ್ ವರ್ಣಕಗಳು ಹೆಚ್ಚಿ ತಿರುಳು ಕೇಸರಿಯಾಗುತ್ತದೆ. ಸ್ಪಂಜು ತಿರುಳನ್ನು ಪರೀಕ್ಷಿಸಿದಾಗ ಇದೆಲ್ಲವೂ ತಿರುಗುಮುರುಗಾಗಿ ಕಂಡಿತು. ಪಿಷ್ಟ ಹೆಚ್ಚು, ಸಕ್ಕರೆ ಕಡಿಮೆ, ಆಮ್ಲ ಹೆಚ್ಚು, ಕ್ಯಾರೊಟಿನ್ ಕಡಿಮೆ, ಕೋಶಗಳ ನಡುವೆ ಗಾಳಿಯ ಗುಳ್ಳೆಗಳು. ಒಂದೇ ಹಣ್ಣಿನ ಸಿಪ್ಪೆಯ ಹತ್ತಿರದ ಭಾಗ ಸರಿಯಾಗಿ ಹಣ್ಣಾಗಿರುತ್ತದೆ. ಗೊರಟೆಯ ಹತ್ತಿರದ ಭಾಗ ಮಾತ್ರ ಹಣ್ಣಾಗದೆಯೇ ಕೆಟ್ಟಿರುತ್ತದೆ.

ಕೆಲವು ಹಂಗಾಮುಗಳಲ್ಲಿ ಶೇಕಡ 30ರವರೆಗೂ ಹಣ್ಣುಗಳಲ್ಲಿ ಈ ದೋಷ ಕಂಡಿದೆ ಎಂದು ಅಧ್ಯಯನಗಳು ಹೇಳುತ್ತವೆ. ರೈತನ ದೃಷ್ಟಿಯಿಂದ ಯೋಚಿಸಿ. ಕೊಳೆತ ಹಣ್ಣನ್ನು ಆರಿಸಿ ಬದಿಗಿಡಬಹುದು. ಆದರೆ ಕೊಯ್ಯದೆ ಗೊತ್ತಾಗದ ದೋಷವನ್ನು ಆರಿಸುವುದು ಹೇಗೆ? ಎಕ್ಸ್‌ರೇ ಚಿತ್ರದಲ್ಲಿ ಒಳಗಿನ ಟೊಳ್ಳು ಕಾಣುತ್ತದೆ ನಿಜ. ಆದರೆ ಪ್ರತಿಯೊಂದು ತೋಟದಲ್ಲೂ ಅಂಥ ಯಂತ್ರ ಇಡುವುದು ಸಾಧ್ಯವಿಲ್ಲ. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಹಣ್ಣು ಹೀಗಾದರೂ ಗ್ರಾಹಕ ಇಡೀ ಪೆಟ್ಟಿಗೆಯನ್ನು, ಕೊನೆಗೆ ಆ ರೈತನನ್ನೇ ಅನುಮಾನಿಸುತ್ತಾನೆ.

ಒಂದು ಹಣ್ಣಿನಲ್ಲಿ ಎರಡು ತಲೆಮಾರು

ಈ ಒಗಟನ್ನು ಬಿಡಿಸುವ ಮೊದಲು ಪಠ್ಯದ ಒಂದು ಪಾಠ ನೆನಪಿಸಿಕೊಳ್ಳಿ. ನಿಶೇಚನದ ನಂತರ ಅಂಡಾಶಯ ಹಣ್ಣಾಗುತ್ತದೆ, ಅಂಡಕ ಬೀಜವಾಗುತ್ತದೆ. ಮಾವಿನಲ್ಲಿ ನಾವು ತಿನ್ನುವ ತಿರುಳು ಮಧ್ಯಫಲಭಿತ್ತಿ. ಅದು ಅಂಡಾಶಯದ ಗೋಡೆಯಿಂದ ಬಂದದ್ದು. ಆದ್ದರಿಂದ ಅದರ ಕೋಶಗಳಲ್ಲಿರುವುದು ಸಂಪೂರ್ಣವಾಗಿ ತಾಯಿಮರದ ಜೀನ್‌ಗಳು. ಗೊರಟೆಯ ಒಳಗಿನ ಭ್ರೂಣ ಹಾಗಲ್ಲ. ಅದಕ್ಕೆ ಅರ್ಧ ಜೀನ್‌ಗಳು ತಾಯಿಯಿಂದ, ಅರ್ಧ ಪರಾಗ ಕೊಟ್ಟ ಮರದಿಂದ.

ಹೀಗಾಗಿ ಒಂದೇ ಆಪೂಸ್ ಮರದ ನೂರು ಹಣ್ಣುಗಳ ತಿರುಳು ಜೀನಿನ ಮಟ್ಟದಲ್ಲಿ ಒಂದೇ, ಆದರೆ ನೂರು ಬೀಜಗಳು ನೂರು ಬಗೆ. ಹಣ್ಣು ಎಂದರೆ ತಾಯಿ ಮತ್ತು ಮಗು ಒಂದೇ ಮನೆಯಲ್ಲಿ ಇದ್ದಂತೆ. ಮನೆಯಲ್ಲಿರುವ ನೀರು, ಆಹಾರ ಇಬ್ಬರಿಗೂ ಬೇಕು.

ಇನ್ನೊಂದು ಮಾತು. ರಾಗಿ, ಭತ್ತ, ಕಡಲೆಯ ಬೀಜಗಳು ಬಲಿತ ಮೇಲೆ ಒಣಗಿ, ತಿಂಗಳುಗಟ್ಟಲೆ ನಿದ್ರೆಯಲ್ಲಿರುತ್ತವೆ. ಮಾವಿನ ಬೀಜ ಹಾಗೆ ಒಣಗುವುದಿಲ್ಲ. ಒಣಗಿಸಿದರೆ ಸಾಯುತ್ತದೆ. ಅದರೊಳಗೆ ನೀರಿನ ಅಂಶ ಹೆಚ್ಚು, ಜೀವಕ್ರಿಯೆ ನಿಲ್ಲದೆ ನಡೆಯುತ್ತಲೇ ಇರುತ್ತದೆ. ಮಾವಿನ ಗೊರಟೆಯನ್ನು ತಿಂದ ಕೆಲವೇ ವಾರಗಳಲ್ಲಿ ಬಿತ್ತಬೇಕು ಎಂದು ಹಿರಿಯರು ಹೇಳುವುದು ಇದಕ್ಕೇ.

ಕಾರಣದ ಹುಡುಕಾಟ

ಮೊದಲ ಸುಳಿವು ಬಿಸಿ. ಬೇಸಿಗೆಯ ಕೊನೆಯಲ್ಲಿ ಕಾದ ನೆಲದಿಂದ ಮೇಲೇಳುವ ಶಾಖ ತಗುಲಿದ ಕಾಯಿಗಳಲ್ಲಿ ದೋಷ ಹೆಚ್ಚು ಕಂಡಿತು. ಮರದ ಕೆಳಗೆ ಒಣಹುಲ್ಲು, ತರಗೆಲೆ ಹೊದಿಸಿ ನೆಲವನ್ನು ತಂಪಾಗಿಟ್ಟಾಗ ದೋಷ ಕಡಿಮೆಯಾಯಿತು. ಕೊಯ್ಲಾದ ಕಾಯಿಯನ್ನು ಬಿಸಿಲಿನ ನೆಲದ ಮೇಲೆ ರಾಶಿ ಹಾಕಿದಾಗ ಹೆಚ್ಚಾಯಿತು.

ಎರಡನೆಯ ಸುಳಿವು ಕ್ಯಾಲ್ಸಿಯಂ. ಕೋಶಭಿತ್ತಿಯ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು ಕ್ಯಾಲ್ಸಿಯಂ. ದೋಷವಿರುವ ತಿರುಳಿನಲ್ಲಿ ಅದು ಕಡಿಮೆ ಇರುವುದನ್ನು ಸಂಶೋಧಕರು ಗುರುತಿಸಿದರು.

ಆದರೆ ಈ ಎರಡರಿಂದಲೇ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದೇ ತೋಟದಲ್ಲಿ, ಅದೇ ಬಿಸಿಲಿನಲ್ಲಿ, ಅದೇ ಮಣ್ಣಿನಲ್ಲಿ ಬೆಳೆಯುವ ತೋತಾಪುರಿಗೆ, ನೀಲಂಗೆ ಈ ಕಾಟ ಯಾಕಿಲ್ಲ? ಬಿಸಿ ಎಲ್ಲರಿಗೂ ಒಂದೇ, ಬಳಲುವುದು ಆಪೂಸ್ ಮಾತ್ರ. ಅಂದರೆ ತಳಿಯ ಜೀನ್‌ಗಳಲ್ಲಿಯೇ ಏನೋ ಇದೆ.

ಮೂರನೆಯ ಸುಳಿವು ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಿರುಳನ್ನು ಬಿಟ್ಟು ಬೀಜದ ಕಡೆ ತಿರುಗಿದರು. 2004ರಿಂದ ಅವರು ಪ್ರಕಟಿಸಿದ ಅಧ್ಯಯನಗಳ ಸಾರ ಹೀಗಿದೆ: ಕಾಯಿ ಇನ್ನೂ ಮರದಲ್ಲಿರುವಾಗಲೇ ಅದರೊಳಗಿನ ಬೀಜ ಮೊಳಕೆಯ ಸಿದ್ಧತೆ ಆರಂಭಿಸುತ್ತದೆ. ಮೊಳೆಯುವ ಬೀಜಕ್ಕೆ ನೀರು ಬೇಕು, ಪೋಷಣೆ ಬೇಕು. ಅದು ಅವನ್ನು ಸುತ್ತಲಿನ ತಿರುಳಿನಿಂದಲೇ ಸೆಳೆಯುತ್ತದೆ. ಗೊರಟೆಗೆ ತಾಗಿಕೊಂಡಿರುವ ತಿರುಳೇ ಮೊದಲು ಕೆಡುವುದಕ್ಕೆ ಇದು ಸರಿಹೊಂದುವ ವಿವರಣೆ.

ಇಲ್ಲಿ ಒಂದು ಕಾರಣ ಗೆದ್ದು ಉಳಿದವು ಸೋತವು ಎಂದು ತಿಳಿಯಬಾರದು. ನಿದ್ರೆಯಿಲ್ಲದ ಬೀಜ ತಳಿಯ ಸ್ವಭಾವ. ಬಿಸಿ ಅದನ್ನು ಅವಸರಿಸುವ ಒತ್ತಡ. ಕ್ಯಾಲ್ಸಿಯಂ ಕೊರತೆ ತಿರುಳಿನ ದುರ್ಬಲತೆ. ಮೂರೂ ಕೂಡಿದಾಗ ಹಣ್ಣು ಕೆಡುತ್ತದೆ. ‘ಇದು ಜೀನಿನಿಂದಲೋ, ಪರಿಸರದಿಂದಲೋ?’ ಎಂದು ಪರೀಕ್ಷೆಯಲ್ಲಿ ಕೇಳಿದರೆ, ಬಹುತೇಕ ಸಲ ಸರಿಯಾದ ಉತ್ತರ ‘ಎರಡೂ ಸೇರಿದಾಗ’ ಎಂಬುದೇ.

ತೋಟದಲ್ಲಿ ಏನು ಮಾಡಬಹುದು?

ಕಾರಣ ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ಮರದ ಬುಡಕ್ಕೆ ಹೊದಿಕೆ ಹಾಕಿ ನೆಲದ ಶಾಖ ತಗ್ಗಿಸುವುದು ಒಂದು. ಕಾಯಿ ಮರದಲ್ಲೇ ಅತಿಯಾಗಿ ಬಲಿಯುವವರೆಗೆ ಕಾಯದೆ, ಸುಮಾರು ಮುಕ್ಕಾಲು ಪಾಲು ಬಲಿತಾಗ ಕೊಯ್ಯುವುದು ಇನ್ನೊಂದು. ಬೀಜ ಮೊಳಕೆಯತ್ತ ಹೊರಳುವ ಮೊದಲೇ ಕಾಯಿಯನ್ನು ಇಳಿಸಿದಂತಾಗುತ್ತದೆ. ಕೊಯ್ದ ಕಾಯಿಯನ್ನು ತಕ್ಷಣ ನೆರಳಿಗೆ ಸಾಗಿಸುವುದು ಮೂರನೆಯದು. ಹಾಗೆಂದು ತೀರಾ ತಣ್ಣಗೆ ಇಡುವಂತೆಯೂ ಇಲ್ಲ. ಮಾವು ಉಷ್ಣವಲಯದ ಹಣ್ಣು. ಸುಮಾರು 12–13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹಳ ದಿನ ಇಟ್ಟರೆ ಚಳಿಯಿಂದಲೇ ಸಿಪ್ಪೆ ಕಪ್ಪಾಗಿ, ಸರಿಯಾಗಿ ಹಣ್ಣಾಗದೆ ಹೋಗುತ್ತದೆ.

ಹೊಸ ತಳಿಯ ಹಾದಿ

ಹೊದಿಕೆ, ನೆರಳು ಪ್ರತಿವರ್ಷದ ಕೆಲಸ. ದೋಷವೇ ಬಾರದ ತಳಿ ಸಿಕ್ಕರೆ? ಇದೇ ತಳಿ ಸಂಕರಣದ ಗುರಿ.

ಹೆಸರಘಟ್ಟದ ಸಂಸ್ಥೆ ಆಪೂಸನ್ನು ಬಂಗನಪಲ್ಲಿಯೊಂದಿಗೆ ಸಂಕರಿಸಿ ಎರಡು ತಳಿಗಳನ್ನು ಕೊಟ್ಟಿತು. ಬಂಗನಪಲ್ಲಿ ತಾಯಿ, ಆಪೂಸ್ ತಂದೆಯಾದದ್ದು ಅರ್ಕಾ ಅರುಣ. ಆಪೂಸ್ ತಾಯಿ, ಬಂಗನಪಲ್ಲಿ ತಂದೆಯಾದದ್ದು ಅರ್ಕಾ ಪುನೀತ್. ಆಪೂಸ್ ಮತ್ತು ಜನಾರ್ದನ ಪಸಂದ್ ಸೇರಿ ಅರ್ಕಾ ಅನಮೋಲ್ ಆಯಿತು. ಮೂರರಲ್ಲೂ ಸ್ಪಂಜು ತಿರುಳಿನ ದೋಷವಿಲ್ಲ. ಅರ್ಕಾ ಅರುಣ ಗಿಡ್ಡ ಮರ, ಪ್ರತಿವರ್ಷ ಫಲ ಕೊಡುತ್ತದೆ. ಮಹಾರಾಷ್ಟ್ರದ ಕೊಂಕಣದ ವೆಂಗುರ್ಲೆಯಲ್ಲಿ ನೀಲಂ ಮತ್ತು ಆಪೂಸ್ ಸಂಕರದಿಂದ 1981ರಲ್ಲಿ ರತ್ನಾ ಬಂತು. ನಂತರ ರತ್ನಾವನ್ನು ಮತ್ತೆ ಆಪೂಸಿನೊಂದಿಗೆ ಸಂಕರಿಸಿ ಪಡೆದ ಸಿಂಧು ತಳಿಯ ಗೊರಟೆ ಕಾಗದದಂತೆ ತೆಳು. ಅದರಲ್ಲೂ ಈ ದೋಷವಿಲ್ಲ. ಬೀಜದ ಪಾತ್ರವನ್ನು ನೆನೆದರೆ ಇದು ಯೋಚಿಸಬೇಕಾದ ಸಂಗತಿ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಒಂದು ಜಾಗವಿದೆ. ಆಪೂಸ್ ಹೂವಿಗೆ ಬಂಗನಪಲ್ಲಿ ಪರಾಗ ಹಾಕಿದರೆ ಆ ವರ್ಷವೇ ಬರುವ ಹಣ್ಣು ‘ಹೈಬ್ರಿಡ್ ಹಣ್ಣು’ ಅಲ್ಲ. ಅದರ ತಿರುಳು ಇನ್ನೂ ಆಪೂಸ್. ಸಂಕರ ಇರುವುದು ಬೀಜದಲ್ಲಿ. ಆ ಬೀಜ ಬಿತ್ತಿ, ಸಸಿ ಬೆಳೆದು ಮರವಾಗಿ ಫಲ ಬಿಟ್ಟಾಗ ಮಾತ್ರ ಹೊಸ ತಳಿಯ ಗುಣ ತಿಳಿಯುತ್ತದೆ. ಬೀಜದ ಮಾವಿನ ಮರ ಫಲಕ್ಕೆ ಬರಲು ಹಲವು ವರ್ಷ ಬೇಕು. ಮಾವಿನ ಎರಡೂ ತಂದೆತಾಯಿಗಳು ವಿಷಮಯುಗ್ಮಜಗಳಾದ್ದರಿಂದ ಒಂದೇ ಜೋಡಿಯ ಪ್ರತಿ ಬೀಜವೂ ಬೇರೆ ಬಗೆಯ ಮರ. ಸಾವಿರ ಹೂವಿಗೆ ಪರಾಗ ಹಾಕಿದರೂ ಕೊನೆಗೆ ನಿಲ್ಲುವ ಕಾಯಿ ಬೆರಳೆಣಿಕೆ. ಒಂದು ತಳಿಯ ಹಿಂದೆ ಒಬ್ಬ ವಿಜ್ಞಾನಿಯ ಅರ್ಧ ಸೇವಾವಧಿ ಕಳೆದುಹೋಗುವುದು ಹೀಗೆ.

2020ರಲ್ಲಿ ಆಪೂಸ್ ಮಾವಿನ ಜೀನೋಮ್ ಕ್ರಮವನ್ನು ಪ್ರಕಟಿಸಲಾಯಿತು. ಬೇಕಾದ ಗುಣದ ಜೊತೆ ಸಾಗುವ ಡಿಎನ್‌ಎ ಗುರುತುಗಳು ತಿಳಿದರೆ, ಮರ ಫಲ ಬಿಡುವವರೆಗೆ ಕಾಯದೆ ಎಳೆ ಸಸಿಯ ಒಂದು ಎಲೆಯನ್ನು ಪರೀಕ್ಷಿಸಿಯೇ ಸಸಿಗಳನ್ನು ಆರಿಸಬಹುದು. ವರ್ಷಗಳ ಕಾಯುವಿಕೆ ತಿಂಗಳಿಗಿಳಿಯುವ ಹಾದಿ ಇದು.

ಬೇರಿಗೊಂದು ತಳಿ, ಕೊಂಬೆಗೊಂದು ತಳಿ

ಎಲ್ಲ ಒಳ್ಳೆಯ ಗುಣಗಳನ್ನೂ ಒಂದೇ ತಳಿಯಲ್ಲಿ ತುಂಬಬೇಕೆಂದಿಲ್ಲ. ಕಸಿ ಮಾಡುವಾಗ ನಾವು ಕೊಂಬೆಯನ್ನು ಹಣ್ಣಿನ ರುಚಿಗಾಗಿ ಆರಿಸುತ್ತೇವೆ. ಬೇರುಗಿಡವನ್ನು ಮಣ್ಣಿನ ಕಷ್ಟ ಸಹಿಸುವ ಶಕ್ತಿಗಾಗಿ ಆರಿಸಬಹುದು. ಉಪ್ಪುಮಣ್ಣಿನಲ್ಲಿ ಸೋಡಿಯಂ, ಕ್ಲೋರೈಡ್ ಎಲೆಗೆ ಏರಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಸಹಿಷ್ಣು ಬೇರುಗಿಡ ಅವನ್ನು ಕೆಳಗೇ ತಡೆಯುತ್ತದೆ. ಕೇರಳದ ಕುರುಕ್ಕನ್ ಮಾವು ಉಪ್ಪು ಸಹಿಸುವ ಬೇರುಗಿಡವೆಂದು ಹೆಸರಾಗಿದೆ.

ಕುರುಕ್ಕನ್, ಓಲೂರ್, ನಮ್ಮ ದಕ್ಷಿಣ ಕನ್ನಡದ ಬಪ್ಪಕಾಯಿ ಮತ್ತು ನೆಕ್ಕರೆ ಇವೆಲ್ಲ ಬಹುಭ್ರೂಣ ಮಾವುಗಳು. ಒಂದು ಗೊರಟೆಯಿಂದ ಹಲವು ಸಸಿ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ಅಂಡಕದ ನ್ಯೂಸೆಲ್ಲಸ್ ಕೋಶಗಳಿಂದ, ನಿಶೇಚನವಿಲ್ಲದೆ ಹುಟ್ಟಿದವು. ಆದ್ದರಿಂದ ಅವು ತಾಯಿಯ ಪ್ರತಿರೂಪ. ಬೇರುಗಿಡಕ್ಕೆ ಇದು ದೊಡ್ಡ ಅನುಕೂಲ. ಆಪೂಸಿನಂಥ ಏಕಭ್ರೂಣ ಮಾವಿನ ಗೊರಟೆ ಬಿತ್ತಿದರೆ ಪ್ರತಿ ಬೇರುಗಿಡವೂ ಬೇರೆ ಬೇರೆ. ಬಹುಭ್ರೂಣ ಮಾವಿನಿಂದ ಇಡೀ ತೋಟಕ್ಕೆ ಏಕರೂಪದ ಬೇರು ಸಿಗುತ್ತದೆ. ಪಠ್ಯದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಓದುವ ಬಹುಭ್ರೂಣತೆಗೆ ತೋಟದಲ್ಲಿ ಇಷ್ಟು ಬೆಲೆಯಿದೆ.

ಬೇಸಿಗೆಯ ಬಿಸಿ ಏರುತ್ತಿರುವ, ಕೊಳವೆಬಾವಿಯ ನೀರು ಉಪ್ಪಾಗುತ್ತಿರುವ ಕಾಲದಲ್ಲಿ ರುಚಿ ಮತ್ತು ಸಹಿಷ್ಣುತೆ ಬೇರೆ ಬೇರೆ ವಿಷಯಗಳಲ್ಲ. ಬಿಸಿ ತಾಳದ ಮರ ಸಿಹಿ ಹಣ್ಣು ಕೊಡಲಾರದು ಎಂಬುದನ್ನು ಆಪೂಸ್ ಈಗಾಗಲೇ ನಮಗೆ ತೋರಿಸಿದೆ. ಕೃಷಿ, ತೋಟಗಾರಿಕೆ, ಜೈವಿಕ ತಂತ್ರಜ್ಞಾನದ ಪದವಿಗಳನ್ನು ವೈದ್ಯಕೀಯ ಸೀಟು ಸಿಗದವರ ಎರಡನೆಯ ಆಯ್ಕೆ ಎಂದು ನೋಡುವ ವಿದ್ಯಾರ್ಥಿಗಳು ಈ ಮಾತನ್ನು ಸ್ವಲ್ಪ ಯೋಚಿಸಲಿ. ಉತ್ತರ ಸಿಗದ ಪ್ರಶ್ನೆಗಳು ಅಲ್ಲಿ ಇನ್ನೂ ಬೇಕಾದಷ್ಟಿವೆ.

ನೆನಪಿನಲ್ಲಿಡಿ

1. ಸ್ಪಂಜು ತಿರುಳು ರೋಗವಲ್ಲ, ಶರೀರಕ್ರಿಯೆಯ ದೋಷ.
2. ಮಾವಿನ ತಿರುಳು ತಾಯಿಯ ಅಂಗಾಂಶ. ಭ್ರೂಣ ಮುಂದಿನ ತಲೆಮಾರು.
3. ಮಾವಿನ ಬೀಜ ಒಣಗಿ ನಿದ್ರಿಸುವುದಿಲ್ಲ. ಅವಧಿಗೆ ಮುನ್ನ ಮೊಳಕೆಯ ಸಿದ್ಧತೆ ತಿರುಳನ್ನು ಕೆಡಿಸುತ್ತದೆ.
4. ನ್ಯೂಸೆಲ್ಲಸ್‌ನಿಂದ ಬಂದ ಸಸಿಗಳು ತಾಯಿಯ ಪ್ರತಿರೂಪ, ಬೇರುಗಿಡಕ್ಕೆ ಯೋಗ್ಯ.

ಮನೆಯಲ್ಲಿ ಮಾಡಿ ನೋಡಿ

ಒಂದು ಬಕೆಟ್ ನೀರಿನಲ್ಲಿ ಒಂದೇ ತಳಿಯ ಹತ್ತು ಮಾವಿನಕಾಯಿ ಹಾಕಿ. ಸಾಮಾನ್ಯವಾಗಿ ಎಳೆಯ ಕಾಯಿ ತೇಲುತ್ತದೆ, ಬಲಿತದ್ದು ಮುಳುಗುತ್ತದೆ. ತೇಲಿದವನ್ನೂ ಮುಳುಗಿದವನ್ನೂ ಬೇರೆ ಬೇರೆ ಇಟ್ಟು ಹಣ್ಣು ಮಾಡಿ. ಬಣ್ಣ, ರುಚಿ, ಗೊರಟೆಯ ಬಳಿಯ ತಿರುಳನ್ನು ಹೋಲಿಸಿ ಪಟ್ಟಿ ಮಾಡಿ. ಬಲಿಯುವಾಗ ಸಾಂದ್ರತೆ ಯಾಕೆ ಹೆಚ್ಚುತ್ತದೆ ಎಂಬುದಕ್ಕೆ ಈ ಲೇಖನದಲ್ಲೇ ಸುಳಿವಿದೆ.

ಯೋಚಿಸಿ ಉತ್ತರಿಸಿ

ಬೀಜವೇ ದೋಷದ ಮೂಲವಾದರೆ, ಪರಾಗ ಕೊಟ್ಟ ತಂದೆಮರಕ್ಕೂ ಅದರಲ್ಲಿ ಪಾಲಿರಬಹುದೇ? ಒಂದೇ ಆಪೂಸ್ ಮರದ ಕೆಲವು ಹೂಗೊಂಚಲಿಗೆ ತೋತಾಪುರಿ ಪರಾಗ, ಕೆಲವಕ್ಕೆ ನೀಲಂ ಪರಾಗ ಹಾಕಿ ಪ್ರಯೋಗ ಮಾಡುವುದಾದರೆ, ಹೊರಗಿನ ಪರಾಗ ಬಾರದಂತೆ ಹೇಗೆ ತಡೆಯುವಿರಿ? ಎಷ್ಟು ಹಣ್ಣು ಕೊಯ್ದು ನೋಡುವಿರಿ? ನಿಮ್ಮ ಪ್ರಯೋಗದ ಯೋಜನೆಯನ್ನು ಒಂದು ಪುಟದಲ್ಲಿ ಬರೆದು ಜೀವಶಾಸ್ತ್ರ ವಿಭಾಗಕ್ಕೆ ಕೊಡಿ. ಒಳ್ಳೆಯ ಯೋಜನೆಗಳನ್ನು ತರಗತಿಯಲ್ಲಿ ಎಲ್ಲರೂ ಸೇರಿ ಚರ್ಚಿಸೋಣ.