ಶೋರೂಮಿಗೆ ಹೋಗುವ ಮುಂಚೆ

ಮಗಳೇ,

ಕಾರು ಕೊಳ್ಳುವುದು ನಿಶ್ಚಯವಾಯಿತೆಂದು ನಿನ್ನಪ್ಪ ಫೋನು ಮಾಡಿದ್ದ. ಸ್ವಂತ ಸಂಪಾದನೆಯಲ್ಲಿ, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಊರಿಗೆ ಬರುವಷ್ಟು ಒಂದು ಸಣ್ಣ ಕಾರು. ಕೇಳಿ ಬಹಳ ಸಂತೋಷವಾಯಿತು. ಸ್ವಿಫ್ಟ್ ತಗೋತೀಯೋ, ಐ20 ತಗೋತೀಯೋ, ಟಿಯಾಗೊ ತಗೋತೀಯೋ ನಿನಗೆ ಬಿಟ್ಟದ್ದು. ಓಡಿಸುವವಳು ನೀನು. ನಾನು ಹೇಳಬೇಕೆಂದಿರುವುದು ಬೆಲೆ ಮಾತಾಡುವ ವಿಷಯ. ಏಳೆಂಟು ಲಕ್ಷದ ಕಾಗದಕ್ಕೆ ಓದದೆ ಸಹಿ ಹಾಕಿ ಬರುವ ವಿದ್ಯಾವಂತರನ್ನು ತುಂಬಾ ನೋಡಿದ್ದೇನೆ. ನೀನು ಹಾಗೆ ಮಾಡಬಾರದು.

ಮೊದಲನೆಯ ಮಾತು, ಗಡಿಬಿಡಿ ನಿನ್ನ ಕಡೆ ಇರಬಾರದು. ನಿನ್ನಮ್ಮ ಆಗಲೇ ಪಂಚಾಂಗ ತೆಗೆದು, ಆಯುಧಪೂಜೆಗೆ ಕಾರು ಮನೆ ಮುಂದೆ ನಿಂತಿರಬೇಕು ಅಂದಿದ್ದಾಳಂತೆ. ಅವಳ ಆಸೆ ನ್ಯಾಯವಾದದ್ದೇ, ನೆರವೇರಲಿ. ಆದರೆ ಆ ಮಾತು ಶೋರೂಮಿನಲ್ಲಿ ಬಾಯಿಂದ ಬೀಳಬಾರದು. ಇಂಥ ದಿನವೇ ಬೇಕು ಅಂತ ಗೊತ್ತಾದ ಗಿರಾಕಿಗೆ ಯಾರೂ ಬೆಲೆ ಇಳಿಸುವುದಿಲ್ಲ. ದಸರೆ, ದೀಪಾವಳಿ, ಯುಗಾದಿ, ಅಕ್ಷಯ ತೃತೀಯದ ಹೊತ್ತಿಗೆ ಜನ ತಾವಾಗಿಯೇ ಬರುತ್ತಾರೆ. ಜನ ಬಾರದ ದಿನಗಳು ಬೇರೆ ಇವೆ. ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸ ವಾಹನ ಮನೆಗೆ ತರುವುದಿಲ್ಲ, ಹಾಗಾಗಿ ಆ ತಿಂಗಳು ಅಂಗಡಿಯವರೇ ಬೋರ್ಡು ಹಾಕಿ ಕರೆಯುತ್ತಾರೆ. ಪಿತೃಪಕ್ಷವೂ ಹಾಗೆಯೇ. ಡಿಸೆಂಬರ್ ಕೊನೆಯಲ್ಲಂತೂ ಎರಡು ಕಾರಣ ಕೂಡಿಬರುತ್ತವೆ: ಒಂದು ಕಡೆ ಧನುರ್ಮಾಸ, ಇನ್ನೊಂದು ಕಡೆ ವರ್ಷ ಮುಗಿಯುವುದರೊಳಗೆ ಆ ವರ್ಷ ತಯಾರಾದ ಗಾಡಿಗಳನ್ನು ಖಾಲಿ ಮಾಡುವ ಅವಸರ. ಆಷಾಢದಲ್ಲಿ ಬೆಲೆ ಕುದುರಿಸಿ, ಶ್ರಾವಣದ ಮೊದಲ ವಾರ ಗಾಡಿ ಮನೆಗೆ ತಂದರೆ ಅಮ್ಮನಿಗೂ ಸಮಾಧಾನ, ನಿನಗೂ ಲಾಭ. ಅಷ್ಟು ಕಾಯಲಾಗದಿದ್ದರೆ ತಿಂಗಳ ಕೊನೆಯ ವಾರ ಹೋಗು. ಮಾರುವವರಿಗೆ ತಿಂಗಳ ಟಾರ್ಗೆಟ್ ಇರುತ್ತದೆ.

ಡಿಸೆಂಬರಿನಲ್ಲಿ ಕೊಳ್ಳುವುದಾದರೆ ಒಂದು ಲೆಕ್ಕ ನೆನಪಿಡು. ಜನವರಿ ಬಂತೆಂದರೆ ಆ ಕಾರು ಕಾಗದದ ಮೇಲೆ ಹೋದ ವರ್ಷದ್ದು. ನಾಲ್ಕು ವರ್ಷಕ್ಕೆ ಮಾರುವವಳಿಗೆ ಅದರಿಂದ ನಷ್ಟ, ಹತ್ತು ವರ್ಷ ಇಟ್ಟುಕೊಳ್ಳುವವಳಿಗೆ ಅಷ್ಟೇನೂ ಇಲ್ಲ. ನೀನು ಎರಡನೆಯ ಜಾತಿಯವಳು ಅಂತ ನನ್ನ ಅಂದಾಜು.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ನೀನು ಮಾತಾಡಬೇಕಾದದ್ದು ಒಂದೇ ಮೊತ್ತ: ಕಾರಿನ ಕೀಲಿ ಕೈಗೆ ಬರುವಾಗ ನಿನ್ನ ಕೈಯಿಂದ ಹೋಗಿರುವ ಒಟ್ಟು ದುಡ್ಡು, ಅಂದರೆ ಆನ್‌ ರೋಡ್ ಬೆಲೆ. ಅದನ್ನು ಸಾಲು ಸಾಲಾಗಿ ಬಿಡಿಸಿ, ಅವರ ಲೆಟರ್‌ಹೆಡ್ಡಿನ ಮೇಲೆ ಬರೆಸಿಕೋ. ಬಾಯಿಮಾತಿನಲ್ಲಿ ಹೇಳಿದ ರಿಯಾಯಿತಿ ಬಿಲ್ಲಿನ ದಿನ ಯಾರಿಗೂ ನೆನಪಿರುವುದಿಲ್ಲ.

ಆ ಸಾಲುಗಳಲ್ಲಿ ಕೆಲವನ್ನು ಜಗ್ಗಿದರೂ ಜರುಗಿಸಲಾಗದು, ಕೆಲವನ್ನು ಪೂರ್ತಿ ಹೊಡೆದುಹಾಕಬಹುದು. ಯಾವುದು ಯಾವುದೆಂದು ಮನೆಯಲ್ಲೇ ತಿಳಿದುಕೊಂಡು ಹೋಗಬೇಕು.

ಎಕ್ಸ್‌ ಶೋರೂಂ ಬೆಲೆ ಕಂಪನಿ ನಿಗದಿ ಮಾಡಿದ್ದು, ಜಿಎಸ್‌ಟಿ ಅದರೊಳಗೇ ಸೇರಿದೆ. ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇಕಡಾ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ಈ ಇಳಿಕೆಯನ್ನೇ ತಾವು ಕೊಟ್ಟ ರಿಯಾಯಿತಿ ಎಂಬಂತೆ ಯಾರಾದರೂ ಲೆಕ್ಕ ತೋರಿಸಿದರೆ ಒಪ್ಪಬೇಡ. ಅದು ಸರ್ಕಾರ ಬಿಟ್ಟದ್ದು. ಹಳೆಯ ದರ ಪಟ್ಟಿಯನ್ನು ಪಕ್ಕಕ್ಕಿಡಿಸಿ, ಇವತ್ತಿನ ಎಕ್ಸ್‌ ಶೋರೂಂ ಬೆಲೆಯಿಂದ ಎಷ್ಟು ಇಳಿಸುತ್ತೀರಿ ಅಂತ ಕೇಳು.

ಆಮೇಲೆ ರಸ್ತೆ ತೆರಿಗೆ. ನಮ್ಮ ರಾಜ್ಯದಲ್ಲಿ ಅದು ದೇಶದಲ್ಲೇ ಹೆಚ್ಚಿನ ಸಾಲಿನದು. ಐದರಿಂದ ಹತ್ತು ಲಕ್ಷದ ಕಾರಿಗೆ ಶೇಕಡಾ 14, ಅದರ ಮೇಲೆ ಸೆಸ್. ಏಳು ಲಕ್ಷದ ಕಾರಿಗೆ ತೆರಿಗೆಯೇ 98,000 ರೂಪಾಯಿ, ಸೆಸ್ ಕೂಡಿದರೆ ಲಕ್ಷ ದಾಟುತ್ತದೆ. ಇದರಲ್ಲಿ ಚೌಕಾಸಿ ಇಲ್ಲ. ಪುದುಚೇರಿಯಲ್ಲಿ ನೋಂದಣಿ ಮಾಡಿಸಿದರೆ ಉಳಿಯುತ್ತದೆ ಅಂತ ಆಫೀಸಿನಲ್ಲಿ ಯಾರಾದರೂ ಹೇಳಬಹುದು. ಇಲ್ಲಿ ಇದ್ದುಕೊಂಡು ಇಲ್ಲಿನ ರಸ್ತೆಯಲ್ಲಿ ಓಡಿಸುವವಳು ಇಲ್ಲೇ ತೆರಿಗೆ ಕಟ್ಟಬೇಕು, ಆ ದಾರಿಯ ಯೋಚನೆಯೇ ಬೇಡ. ಆದರೆ ಈ ಸಾಲಿನಲ್ಲಿ ಅವರು ಬರೆದ ಮೊತ್ತ ಮತ್ತು ಆರ್‌ಟಿಒ ರಸೀದಿಯಲ್ಲಿರುವ ಮೊತ್ತ ಒಂದೇ ಇರಬೇಕು. ತೆರಿಗೆ, ನೋಂದಣಿ ಶುಲ್ಕಗಳ ನಡುವೆ ಎರಡು ಮೂರು ಸಾವಿರ ಕಾಣದಂತೆ ಸೇರಿಕೊಂಡಿರುವುದುಂಟು. ರಸೀದಿ ಕೇಳುತ್ತೇನೆಂದು ಮೊದಲೇ ಹೇಳಿಬಿಡು.

ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಡೆಪೊ ಚಾರ್ಜ್ ಅಂತ ಒಂದು ಸಾಲು ಕಾಣಿಸಿದರೆ ಅದನ್ನು ಹೊಡೆಸು. ಕಾರ್ಖಾನೆಯಿಂದ ಶೋರೂಮಿಗೆ ಕಾರು ತರುವ ಖರ್ಚು ಬೆಲೆಯಲ್ಲೇ ಸೇರಿದೆ. ನಂಬರ್ ಪ್ಲೇಟಿಗೆ ಬೇರೆ ದುಡ್ಡು ಹಾಕಿದ್ದರೂ ಕೇಳು. 2019ರ ಏಪ್ರಿಲ್‌ನಿಂದ ಹೊಸ ವಾಹನಕ್ಕೆ ಎಚ್‌ಎಸ್‌ಆರ್‌ಪಿ ಫಲಕವನ್ನು ಕಂಪನಿಯೇ ಕೊಡಬೇಕು.

ನಿಜವಾಗಿ ದುಡ್ಡು ಇರುವುದು ವಿಮೆಯ ಸಾಲಿನಲ್ಲಿ. ಸಣ್ಣ ಕಾರು ಮಾರಿದರೆ ಡೀಲರಿಗೆ ಕಾರಿನಿಂದ ಸಿಗುವ ಕಮಿಷನ್ ನಾವೆಂದುಕೊಂಡಷ್ಟು ದೊಡ್ಡದಲ್ಲ. ವಿಮೆ, ಸಾಲ, ಆಕ್ಸೆಸರೀಸ್, ಹಳೆಯ ಕಾರಿನ ವ್ಯಾಪಾರ, ಇವುಗಳಿಂದ ಅವರು ಸರಿದೂಗಿಸಿಕೊಳ್ಳುತ್ತಾರೆ. ಹಾಗಾಗಿ ಕಾರಿನ ಬೆಲೆಯಲ್ಲಿ ಇಪ್ಪತ್ತು ಸಾವಿರ ಇಳಿಸಿ, ವಿಮೆಯಲ್ಲಿ ಹದಿನೈದು ಸಾವಿರ ಏರಿಸಿದರೆ ನಿನಗೆ ಗೊತ್ತಾಗುವುದಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಸರ್ಕಾರ ನಿಗದಿ ಮಾಡಿದ್ದು: 1000ದಿಂದ 1500 ಸಿಸಿಯ ಕಾರಿಗೆ 2022ರ ಪಟ್ಟಿಯಂತೆ 10,640 ರೂಪಾಯಿ, ಜಿಎಸ್‌ಟಿ ಇದ್ದರೆ ಬೇರೆ. ಯಾವ ಕಂಪನಿಯಿಂದ ಕೊಂಡರೂ ಅದು ಅಷ್ಟೇ. ಬದಲಾಗುವುದು ಸ್ವಂತ ಹಾನಿಯ ಭಾಗ ಮತ್ತು ಝೀರೊ ಡೆಪ್, ಎಂಜಿನ್ ರಕ್ಷಣೆ ಮುಂತಾದ ಸೇರ್ಪಡೆಗಳು. ತಮ್ಮಲ್ಲೇ ವಿಮೆ ಮಾಡಿಸಬೇಕೆಂದು ಡೀಲರ್ ಒತ್ತಾಯ ಮಾಡುವ ಹಾಗಿಲ್ಲ. ಹೊರಗಿನಿಂದ ಎರಡು ಕಡೆ ದರ ತೆಗೆದುಕೋ, ಆದರೆ ಕಾರಿನ ಮೌಲ್ಯ, ಅಂದರೆ ಐಡಿವಿ, ಎಲ್ಲದರಲ್ಲೂ ಒಂದೇ ಇರಲಿ, ಸೇರ್ಪಡೆಗಳೂ ಒಂದೇ ಇರಲಿ. ಹೊಸ ಕಾರಿನ ಐಡಿವಿ ಎಕ್ಸ್‌ ಶೋರೂಂ ಬೆಲೆಯ ಶೇಕಡಾ 95. ಅದಕ್ಕಿಂತ ಕೆಳಗೆ ತೋರಿಸಿ ಪ್ರೀಮಿಯಂ ಇಳಿಸಿದ್ದರೆ ಅದು ಉಳಿತಾಯ ಅಲ್ಲ. ಹೊರಗಿನ ದರ ತೋರಿಸಿದ ಮೇಲೆ ಡೀಲರೇ ಆ ದರಕ್ಕೆ ಬಂದರೆ ಅಲ್ಲೇ ಮಾಡಿಸು. ಅಪಘಾತವಾದಾಗ ಅವರ ವರ್ಕ್‌ಶಾಪಿನಲ್ಲಿ ಓಡಾಟ ಸ್ವಲ್ಪ ಸುಲಭವಾಗುತ್ತದೆ.

ಆಕ್ಸೆಸರೀಸ್ ಪ್ಯಾಕೇಜ್ ಕಡ್ಡಾಯ ಅಂದರೆ ಕಡ್ಡಾಯವಲ್ಲ. ಮ್ಯಾಟು, ಮಡ್‌ಫ್ಲ್ಯಾಪ್ ಉಚಿತವಾಗಿ ಕೇಳು, ಸೀಟ್ ಕವರ್ ಹೊರಗೆ ಹಾಕಿಸು. ಟೆಫ್ಲಾನ್ ಕೋಟಿಂಗ್ ಬೇಡ. ಎಕ್ಸ್‌ಟೆಂಡೆಡ್ ವಾರಂಟಿ ಒಳ್ಳೆಯದೇ, ಆದರೆ ಹಲವು ಕಂಪನಿಗಳಲ್ಲಿ ಅದನ್ನು ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಳ್ಳಬಹುದು. ಇವತ್ತೇ ಎಂಬ ಒತ್ತಡಕ್ಕೆ ಮಣಿಯಬೇಡ.

ಅಪ್ಪನ ಹಳೆಯ ಕಾರು ಕೊಡುವ ಯೋಚನೆ ಇದ್ದರೆ ಅದನ್ನು ಮೊದಲೇ ಬಾಯಿಬಿಡಬೇಡ. ಹೊಸ ಕಾರಿನ ಬೆಲೆ ಒಪ್ಪಂದವಾದ ಮೇಲೆ ಹಳೆಯದರ ಮಾತು. ಎರಡನ್ನೂ ಒಟ್ಟಿಗೆ ಬೆರೆಸಿದರೆ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ತೆಗೆಯುವುದು ಸುಲಭ. ಹೋಗುವ ಮುಂಚೆ ಹಳೆಯ ಕಾರು ಕೊಳ್ಳುವ ಬೇರೆ ಇಬ್ಬರಿಂದ ಬೆಲೆ ಕಟ್ಟಿಸಿಕೋ. ಡೀಲರು ಕಟ್ಟುವ ಬೆಲೆಗೆ ಎಕ್ಸ್‌ಚೇಂಜ್ ಬೋನಸ್ ಸೇರಿಸಿ ಆಮೇಲೆ ಹೋಲಿಸು. ಅಪ್ಪನ ಹೆಸರಿನ ಕಾರಿಗೂ ಆ ಬೋನಸ್ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಅಪ್ಪನ ವಿಮೆಯ ನೋ ಕ್ಲೈಮ್ ಬೋನಸ್ ನಿನ್ನ ಹೆಸರಿಗೆ ಬರುವುದಿಲ್ಲ, ಅದು ಅವನದು. ಅದಕ್ಕೊಂದು ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಅವನು ಇನ್ನೊಂದು ಕಾರು ಕೊಂಡಾಗ ಉಪಯೋಗಕ್ಕೆ ಬರುತ್ತದೆ. ಹಳೆಯ ಆರ್‌ಸಿ ಇನ್ನೊಬ್ಬರ ಹೆಸರಿಗೆ ವರ್ಗವಾಗುವ ತನಕ ಬೆನ್ನು ಬಿಡಬೇಡ.

ಕಾರ್ಪೊರೇಟ್ ಡಿಸ್ಕೌಂಟ್ ಕೇಳುವುದನ್ನು ಮರೆಯಬೇಡ. ನಿನ್ನ ಕಂಪನಿಯ ಗುರುತಿನ ಚೀಟಿ ಸಾಕಾಗಬಹುದು. ಕೇಳದವರಿಗೆ ಯಾರೂ ಅದನ್ನು ತಾವಾಗಿ ಕೊಡುವುದಿಲ್ಲ.

ಸಾಲದ ವಿಷಯದಲ್ಲಿ ಸ್ವಲ್ಪ ನಿಧಾನಿಸು. ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಮೇಡಂ ಅಂತ ಶುರುವಾದರೆ ಉತ್ತರ ಕೊಡಬೇಡ. ಅವಧಿ ಐದರಿಂದ ಏಳು ವರ್ಷಕ್ಕೆ ಎಳೆದರೆ ಯಾವ ಬೆಲೆಯಾದರೂ ತಿಂಗಳ ಕಂತಿನಲ್ಲಿ ಹಗುರವಾಗಿ ಕಾಣುತ್ತದೆ. ಫ್ಲ್ಯಾಟ್ ದರ ಎಂಬ ಮಾತಿಗೂ ಎಚ್ಚರವಿರಲಿ. ಆರು ಲಕ್ಷವನ್ನು ಐದು ವರ್ಷಕ್ಕೆ ಶೇಕಡಾ 7ರ ಫ್ಲ್ಯಾಟ್ ದರದಲ್ಲಿ ಕೊಟ್ಟರೆ ಬಡ್ಡಿ 2,10,000 ರೂಪಾಯಿ, ಕಂತು 13,500. ಬ್ಯಾಂಕಿನವರು ಹೇಳುವ ರೀತಿಯಲ್ಲಿ, ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇಕಡಾ ಹನ್ನೆರಡೂವರೆ ಆಗುತ್ತದೆ. ನಿನ್ನ ಸಂಬಳ ಬರುವ ಬ್ಯಾಂಕಿನಲ್ಲಿ ಮೊದಲು ವಿಚಾರಿಸಿ, ಒಪ್ಪಿಗೆ ಪತ್ರ ಕೈಯಲ್ಲಿಟ್ಟುಕೊಂಡೇ ಹೋಗು. ಪ್ರೊಸೆಸಿಂಗ್ ಫೀ ಎಷ್ಟು, ಮುಂಚಿತವಾಗಿ ತೀರಿಸಿದರೆ ದಂಡ ಇದೆಯೇ, ಇವೆರಡನ್ನೂ ಕೇಳು.

ಮಾತು ನೀನೇ ಆಡು. ಅಪ್ಪ ಜೊತೆಗಿದ್ದರೆ ಮಾರುವವರು ಅವನ ಮುಖ ನೋಡಿಯೇ ಮಾತಾಡುತ್ತಾರೆ, ಅವನು ಸಂಕೋಚಕ್ಕೆ ಆಯ್ತು ಬಿಡಿ ಅಂದುಬಿಡುತ್ತಾನೆ. ದುಡ್ಡು ನಿನ್ನದು, ಸಹಿ ನಿನ್ನದು. ಟೆಸ್ಟ್ ಡ್ರೈವ್‌ಗೆ ಅವನನ್ನು ಕರೆದುಕೊಂಡು ಹೋಗು, ಬೆಲೆಯ ದಿನ ಬೇಡ.

ಒಂದೇ ಕಂಪನಿಯ ಕನಿಷ್ಠ ಮೂರು ಡೀಲರುಗಳಲ್ಲಿ ಕೊಟೇಶನ್ ತೆಗೆದುಕೋ, ಅದೇ ಮಾದರಿ, ಅದೇ ಬಣ್ಣ. ಬೆಂಗಳೂರಿನಲ್ಲಿ ಇದು ಕಷ್ಟವಲ್ಲ. ತುಮಕೂರಿನದೂ ಒಂದಿರಲಿ, ತೆರಿಗೆ ರಾಜ್ಯಕ್ಕೆಲ್ಲ ಒಂದೇ. ಬಲೆನೊ ಇಷ್ಟವಾದರೆ ಟೊಯೊಟಾದ ಗ್ಲಾನ್ಜಾದ ಬೆಲೆಯನ್ನೂ ತಗೋ. ಅವೆರಡೂ ಮೂಲದಲ್ಲಿ ಒಂದೇ ಕಾರು. ಅತಿ ಕಡಿಮೆಯ ಕಾಗದವನ್ನು ನಿನ್ನ ಮನೆಗೆ ಹತ್ತಿರವಿರುವ, ಸರ್ವಿಸ್ ಚೆನ್ನಾಗಿರುವ ಡೀಲರಿನ ಮುಂದಿಟ್ಟು, ಇದಕ್ಕೆ ಕೊಡುವುದಾದರೆ ಇವತ್ತೇ ಬುಕ್ ಮಾಡುತ್ತೇನೆ ಅಂತ ಹೇಳು. ಹೇಳಿ ಸುಮ್ಮನಿರು. ಆ ಮೌನವನ್ನು ನೀನಾಗಿ ಮುರಿಯಬೇಡ. ಆಗುವುದಿಲ್ಲ ಅಂದರೆ ನಮಸ್ಕಾರ ಹೇಳಿ ಎದ್ದು ಬಾ. ಫೋನು ಬರುತ್ತದೆ. ಬಾರದಿದ್ದರೆ ಅದೇ ಅವರ ಕೊನೆಯ ಬೆಲೆ ಅಂತ ಗೊತ್ತಾಯಿತು, ಅದೂ ಉಪಯೋಗದ ಸಂಗತಿಯೇ.

ಮಾರುವ ಹುಡುಗರ ಮೇಲೆ ಮಾತ್ರ ದನಿ ಏರಿಸಬೇಡ. ನಿನ್ನ ವಯಸ್ಸಿನವರೇ, ಸಂಬಳ ಕಡಿಮೆ, ದಿನವಿಡೀ ನಿಂತೇ ಇರುತ್ತಾರೆ. ಬೆಲೆ ಇಳಿಸುವ ಅಧಿಕಾರ ಅವರ ಕೈಯಲ್ಲಿ ಹೆಚ್ಚಿಲ್ಲ. ಮ್ಯಾನೇಜರನ್ನು ಒಮ್ಮೆ ಕೇಳಿ ನೋಡಿ ಅಂದರೆ ಸಾಕು. ಬಿಗಿಯಾಗಿ ಮಾತಾಡುವುದಕ್ಕೂ ಒರಟಾಗಿ ಮಾತಾಡುವುದಕ್ಕೂ ಸಂಬಂಧವಿಲ್ಲ ಮಗಳೇ. ಕಾರು ಬಂದ ಮೇಲೆ ಸಣ್ಣಪುಟ್ಟದಕ್ಕೆಲ್ಲ ನೀನು ಫೋನು ಮಾಡುವುದು ಅವರಿಗೇ.

ಬುಕಿಂಗ್ ಫಾರಂನಲ್ಲಿ ಎರಡು ಸಾಲು ನೋಡು. ರದ್ದು ಮಾಡಿದರೆ ಎಷ್ಟು ಕಳೆಯುತ್ತಾರೆ ಎಂಬುದು ಒಂದು. ಡೆಲಿವರಿ ದಿನದ ಬೆಲೆಯೇ ಅನ್ವಯ ಎಂಬುದು ಇನ್ನೊಂದು, ಅದು ಬಹುತೇಕ ಎಲ್ಲ ಫಾರಂಗಳಲ್ಲೂ ಇರುತ್ತದೆ. ಜನವರಿ ದಾಟುವ ಬುಕಿಂಗ್ ಆದರೆ ಒಪ್ಪಿದ ರಿಯಾಯಿತಿ ಆಗಲೂ ಉಳಿಯುತ್ತದೆ ಎಂದು ಬರೆಸಿಕೋ. ದುಡ್ಡು ಡೀಲರ್ ಸಂಸ್ಥೆಯ ಬ್ಯಾಂಕ್ ಖಾತೆಗೇ ಹೋಗಲಿ. ಎಷ್ಟೇ ಪರಿಚಯವಾದರೂ ಯಾರ ಸ್ವಂತ ಯುಪಿಐ ಸಂಖ್ಯೆಗೂ ಹಾಕಬೇಡ.

ಪೂರ್ತಿ ಹಣ ಕಟ್ಟುವ ಮೊದಲು, ನೋಂದಣಿಗೂ ಮೊದಲು, ಅವರ ಯಾರ್ಡಿಗೆ ಹೋಗಿ ನಿನಗೆ ಗೊತ್ತು ಮಾಡಿರುವ ಕಾರನ್ನು ಹಗಲು ಬೆಳಕಿನಲ್ಲಿ ನೋಡು. ಚಾಸಿಸ್ ನಂಬರ್ ಬರೆದುಕೋ. ಫಾರಂ 22ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ, ತೋರಿಸಿ ಅನ್ನು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಐದೂ ಟೈರುಗಳಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಬಾಗಿಲು, ಬಾನೆಟ್ಟಿನ ಅಂಚಿನಲ್ಲಿ ಬಣ್ಣದ ವ್ಯತ್ಯಾಸ ಕಂಡರೆ, ಮೀಟರಿನಲ್ಲಿ ನೂರಾರು ಕಿಲೋಮೀಟರ್ ಓಡಿರುವುದು ಕಂಡರೆ ಬೇರೆ ಕಾರು ಕೇಳು. ನೋಂದಣಿಯಾದ ಮೇಲೆ ಈ ಹಕ್ಕು ಚಲಾಯಿಸುವುದು ಬಹಳ ಕಷ್ಟ.

ಮೂರು ಕೊಟೇಶನ್ ಕೈಗೆ ಬಂದ ಕೂಡಲೇ ಫೋಟೊ ತೆಗೆದು ವಾಟ್ಸಾಪ್ ಮಾಡು. ಸಾಲು ಸಾಲಾಗಿ ನೋಡಿ, ಯಾವುದನ್ನು ಹೊಡೆಸಬೇಕೆಂದು ರಾತ್ರಿಯೊಳಗೆ ಗುರುತು ಹಾಕಿ ಕಳಿಸುತ್ತೇನೆ. ಅಲ್ಲಿಯತನಕ ಟೋಕನ್ ಅಡ್ವಾನ್ಸ್ ಅಂತ ಐದು ಸಾವಿರವನ್ನೂ ಕೊಡಬೇಡ.

ನಿನ್ನ ದೊಡ್ಡಪ್ಪ