ಕೊಯೋಟಿಯ ಸೀಮೆಯಲ್ಲಿ ಕಲಿತದ್ದು

ಅಮೆರಿಕೆಯ ದಕ್ಷಿಣ ಡಕೋಟಾ ರಾಜ್ಯದಲ್ಲಿ, ಹಿಮಯುಗವು ತೋಡಿಟ್ಟುಹೋದ ಅಸಂಖ್ಯ ಕುಂಟೆಗಳ ನಡುವೆ ಹಬ್ಬಿರುವ ಹುಲ್ಲುಗಾವಲಿನಲ್ಲಿ, ಫೆಸೆಂಟ್ ಹಕ್ಕಿಯ ಬೇಟೆಗೆಂದು ಮಿತ್ರನೊಬ್ಬನು ಮೀಸಲಿಟ್ಟ ಜಮೀನಿನ ಮೇಲ್ವಿಚಾರಣೆಗೆ ಹಲವು ವರ್ಷ ಕೈಜೋಡಿಸಿದ ನನಗೆ ದೊರೆತ ಮುಖ್ಯ ಶಿಕ್ಷಣವೆಂದರೆ, ಮೃಗವೊಂದನ್ನು ಕೊಲ್ಲುವ ಮೊದಲು ಅದು ತೆರವು ಮಾಡುವ ಸ್ಥಾನಕ್ಕೆ ಬರುವವರಾರೆಂದು ವಿಚಾರಿಸಬೇಕೆಂಬುದು.

1949ರಿಂದ ಕೊಯೋಟಿ ಆ ರಾಜ್ಯದ ಅಧಿಕೃತ ಪ್ರಾಣಿ. ಆದರೂ ಬೇಟೆಯ ಜಮೀನುಳ್ಳವರಲ್ಲಿ ಅನೇಕರಿಗೆ, ತೋಳನ ಕುಲದ ಈ ಕಿರಿಯ ಮೃಗವೇ ಪ್ರಥಮ ಶತ್ರು. ಬೇಲಿಯಂಚಿನ ಕಾಲುದಾರಿಯಲ್ಲಿ ಒಣಗಿ ಬಿದ್ದ ಅದರ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿದಾಗಲೆಲ್ಲ ನಮಗೆ ಕಾಣಬರುತ್ತಿದ್ದುದು ಹುಲ್ಲಿಲಿಯ ಬೂದು ರೋಮ, ಅದರ ಪುಟ್ಟ ದವಡೆ, ಮಿಡತೆಯ ಕಾಲು, ಕಾಡು ಪ್ಲಮ್ ಹಣ್ಣಿನ ಬೀಜ. ಮೊಟ್ಟೆಯ ಚಿಪ್ಪು ಅಪರೂಪ. ಕೆಂಪು ನರಿಯ ಬಿಲದ ಬಾಯಲ್ಲಾದರೋ, ವಸಂತದಲ್ಲಿ ಕಾವಿಗೆ ಕುಳಿತಿದ್ದ ಹೆಣ್ಣು ಕಾಡುಬಾತುಗಳ ರೆಕ್ಕೆಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದವು.

ಕೊಯೋಟಿಯ ಸಂಸಾರವೊಂದು ವಿಶಾಲವಾದ ಸೀಮೆಯನ್ನು ತನ್ನದಾಗಿಸಿಕೊಂಡು, ಅದರೊಳಗೆ ಕಾಲಿಟ್ಟ ನರಿಯನ್ನು ಅಟ್ಟುತ್ತದೆ, ಸಿಕ್ಕಿದರೆ ಕೊಲ್ಲುತ್ತದೆ. ಅದಿಲ್ಲದೆಡೆ ಅಷ್ಟೇ ನೆಲದಲ್ಲಿ ಹಲವು ನರಿ ಸಂಸಾರಗಳು ನೆಲೆಯೂರಿ ಗೂಡುಗಳನ್ನು ಸೂರೆಗೊಳ್ಳುತ್ತವೆ. ಮಾರ್ಷಾ ಸೋವಾಡಾ ಮತ್ತು ಅವರ ಸಂಗಡಿಗರು ಉಭಯ ಡಕೋಟಾಗಳಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರಿಗಳು ಪ್ರಬಲವಾಗಿದ್ದೆಡೆ ಬಾತುಗೂಡುಗಳ ಪೈಕಿ ಸಫಲವಾದುವು ಶೇಕಡ 17. ಕೊಯೋಟಿ ಪ್ರಬಲವಾಗಿದ್ದೆಡೆ ಶೇಕಡ 32. ಫೆಸೆಂಟ್ ಹೆಣ್ಣು ಗೂಡುಕಟ್ಟುವುದೂ ಅದೇ ಹುಲ್ಲಿನ ಮರೆಯಲ್ಲಿ. 2019ರಲ್ಲಿ ರಾಜ್ಯವು ಗೂಡು ಕೆಡಿಸುವ ಪ್ರಾಣಿಗಳ ಬಾಲವೊಂದಕ್ಕೆ 10 ಡಾಲರ್ ಬಹುಮಾನ ಸಾರಿದಾಗ ಆ ಪಟ್ಟಿಯಲ್ಲಿ ಕೆಂಪು ನರಿಯಿತ್ತು, ಕೊಯೋಟಿ ಇರಲಿಲ್ಲ.

ಸಾರಾಸಗಟಾಗಿ ಕೊಂದು ಮುಗಿಸುವೆವೆಂಬ ಹಟವೂ ಫಲಿಸುವಂಥದಲ್ಲ. ಒಂದು ಪ್ರದೇಶದ ಕೊಯೋಟಿಗಳಲ್ಲಿ ಪ್ರತಿವರ್ಷ ಶೇಕಡ 75ನ್ನು ಕೊಲ್ಲುತ್ತ ಹೋದರೂ ಅವು ನಿರ್ಮೂಲವಾಗಲು 50 ವರ್ಷಗಳಿಗೂ ಮಿಕ್ಕು ಬೇಕಾಗುವುದೆಂದು ಕ್ಯಾಲಿಫೋರ್ನಿಯಾದ ಸಂಶೋಧಕರು 1975ರಲ್ಲಿಯೇ ಗಣಿಸಿ ತೋರಿಸಿದ್ದಾರೆ. ಏಕೆಂದರೆ ನೆಲೆಯಿಲ್ಲದೆ ಅಲೆಯುವ ತರುಣ ಪ್ರಾಣಿಗಳು ತೆರವಾದ ಸೀಮೆಯನ್ನು ಬೇಗನೆ ಆಕ್ರಮಿಸುತ್ತವೆ, ಆಹಾರ ಹೇರಳವಾದಾಗ ಉಳಿದವುಗಳ ಮರಿಗಳೂ ಹೆಚ್ಚಾಗಿ ಬದುಕುತ್ತವೆ.

ಹಾಗೆಂದು ಬಂದೂಕು ಎಂದೂ ಅನವಶ್ಯಕವೆಂದು ನಾನು ಹೇಳಲಾರೆ. ನೆರೆಯ ಹಟ್ಟಿಯಲ್ಲಿ ಕುರಿಮರಿಯೊಂದು ದವಡೆಯ ಕೆಳಗೆ, ಗಂಟಲಿನ ಪಕ್ಕದಲ್ಲಿ ಕೋರೆಯ ಗುರುತುಗಳೊಡನೆ ಸತ್ತುಬಿದ್ದುದನ್ನು ನಾನು ಕಂಡಿದ್ದೇನೆ. ಬದುಕನ್ನೇ ಕುರಿಯ ಮೇಲೆ ಕಟ್ಟಿಕೊಂಡವನು ಆ ಹಟ್ಟಿಯ ದಾರಿ ಹಿಡಿದ ಕೊಯೋಟಿಯನ್ನು, ಕುರಿಗಳು ಮರಿ ಹಾಕುವ ಕಾಲದಲ್ಲಿ, ಅಲ್ಲಿಯೇ ಹೊಡೆಯುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಹಾನಿ ಮಾಡಿದ್ದನ್ನು ಗುರುತಿಸಿ ಕೊಲ್ಲುವುದು ಬೇರೆ, ಊಳು ಕೇಳಿದಲ್ಲೆಲ್ಲ ಗುಂಡು ಹಾರಿಸುವುದು ಬೇರೆ.

ಇವೆಲ್ಲಕ್ಕಿಂತ ಮುಖ್ಯವಾದುದು ಹುಲ್ಲು. ಹೊಲಗಳ ನಡುವೆ ದಾರದಂತೆ ಎಳೆದ ಕಿರುಪಟ್ಟಿಯನ್ನು ನರಿಯೊಂದು ಒಂದೇ ರಾತ್ರಿಯಲ್ಲಿ ಮೂಸಿ ಮುಗಿಸಬಲ್ಲುದು. ವಿಸ್ತಾರವಾಗಿ, ದಟ್ಟವಾಗಿ ಬೆಳೆದ ಹುಲ್ಲಿನಲ್ಲಿ ಅದರ ಶ್ರಮಕ್ಕೆ ಫಲ ಕಡಿಮೆ. ಆದುದರಿಂದ ಬೇಟೆಯ ಹಕ್ಕಿಯನ್ನು ಬಯಸುವವನು ತನ್ನ ದ್ರವ್ಯವನ್ನೂ ಸಹನೆಯನ್ನೂ ಮೊದಲು ಹುಲ್ಲಿಗೆ ಸಲ್ಲಿಸಲಿ, ಹಾನಿಯೆಸಗದ ಕೊಯೋಟಿಯನ್ನು ಅದರ ಸೀಮೆಯಲ್ಲಿ ಇರಗೊಡಲಿ. ನರಿಯನ್ನು ದೂರವಿಡುವ ಕೆಲಸವನ್ನು ಅದು ವರ್ಷವಿಡೀ, ಸಂಬಳವಿಲ್ಲದೆ, ನಮಗಿಂತ ಚೆನ್ನಾಗಿ ಮಾಡುತ್ತದೆ.