ಜೋಳಿಗೆಯೂ ಔಷಧವೂ

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಬೇಡಿದುದು ಧಾನ್ಯವನ್ನಲ್ಲ, ಭಕ್ತರ ದುಶ್ಚಟವನ್ನು. ಕೃಷ್ಣೆಯ ಕಾಲುವೆಯ ನೀರುಣ್ಣುವ ಭೀಮರಾಯನಗುಡಿ ಸೀಮೆಯ ಗೃಹಸ್ಥರಿಗೂ ಆ ಭಿಕ್ಷೆಯನ್ನು ನೀಡುವ ಹೊಣೆಯುಂಟು. ಆದರೆ ಮದ್ಯವನ್ನು ತೊರೆಯುವವನ ಮನಸ್ಸೂ ರೋಗಗ್ರಸ್ತವಾಗಿದ್ದರೆ ಸಂಕಲ್ಪವೊಂದೇ ಸಾಲದು. ಒಂದು ಬೇನೆ ಇನ್ನೊಂದನ್ನು ಕೆರಳಿಸುವುದರಿಂದ ಎರಡಕ್ಕೂ ಏಕಕಾಲದಲ್ಲಿ ಚಿಕಿತ್ಸೆ ಬೇಕು. ಬಹುಕಾಲ ಅತಿಯಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ನಡುಕ, ಅಪಸ್ಮಾರ, ಸನ್ನಿಗಳು ತಲೆದೋರಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ ಬಿಡುವುದೇ ಲೇಸು. ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುವುದು. “ಗುಳಿಗೆಯೂ ಚಟವೇ” ಎಂದು ಬಂಧುಗಳು ವೈದ್ಯರನ್ನು ಕೇಳದೆ ಅದನ್ನು ಬಿಡಿಸಲಾಗದು. ಚಟವು ಅರಿವನ್ನು ಮುಸುಕುವುದು; ತಕ್ಕ ಔಷಧವು ಅರಿವು ಮರಳಲು ನೆರವಾಗುವುದು. ಮತ್ತೆ ಎಡವಿದವನನ್ನು ಹಳಿಯದೆ, ಮತ್ತೆ ಕೈಹಿಡಿದು ನಡೆಸುವುದು ಮನೆಯವರು ಮಾಡಬೇಕಾದ ದಾಸೋಹವು.